ಅಪ್ಪ ಬೆಂಕಿಗೆ ಹೋದಾಗ ಒಲೆ ಉರಿಯಕೂಡದು

ಬೇಸಿಗೆಯಲ್ಲಿ ನಮ್ಮ ಮನೆಯವರು ಒಂದು ಊಟವನ್ನಾದರೂ ನೆಮ್ಮದಿಯಾಗಿ ಕೂತು ಉಂಡದ್ದು ನನಗೆ ನೆನಪಿಲ್ಲ. ಅಪ್ಪ ತಟ್ಟೆಯ ಮುಂದೆ ಕೂತಿರುತ್ತಿದ್ದ, ಮೂಗು ಮಾತ್ರ ಬಾಗಿಲ ಕಡೆಗಿರುತ್ತಿತ್ತು. ಸಾರು ಕಲಸುತ್ತಿದ್ದ ಕೈ ಇದ್ದಕ್ಕಿದ್ದ ಹಾಗೆ ನಿಂತುಬಿಡುತ್ತಿತ್ತು. ಅಪ್ಪ ಮೂಗೆಳೆದರೆ ಅಜ್ಜಿಯೂ ಮೂಗೆಳೆಯುತ್ತಿದ್ದಳು, ಅಜ್ಜಿಯನ್ನು ನೋಡಿ ನಾನು. ಅಮ್ಮ ಒಬ್ಬಳೇ ಸೌಟು ಹಿಡಿದು ನಿಂತು, "ಒಗ್ಗರಣೆ ಕಣ್ರೀ ಅದು, ಉಣ್ಣಿ ಸುಮ್ನೆ" ಎಂದು ಗದರುತ್ತಿದ್ದಳು. ಬಹಳ ಸಲ ಅದು ಒಗ್ಗರಣೆಯೇ ಆಗಿರುತ್ತಿತ್ತು. ಆಗದ ದಿನ, ಊರ ಮುಂದಿನ ಮರಕ್ಕೆ ತೂಗುಹಾಕಿದ್ದ ಹಳೆಯ ಟ್ರಾಲಿ ಹಳಿಯ ತುಂಡನ್ನು ಯಾರಾದರೂ ಠಣ್ ಠಣ್ ಎಂದು ಬಡಿಯತೊಡಗುತ್ತಿದ್ದರು. ಆ ಸದ್ದಿಗೆ ಅಪ್ಪ ಎದ್ದುಬಿಡುತ್ತಿದ್ದ. ಅನ್ನ ತಟ್ಟೆಯಲ್ಲೇ ಉಳಿಯುತ್ತಿತ್ತು. ಈ ವಯಸ್ಸಿನಲ್ಲೂ ನಾನು ಊಟದ ನಡುವೆ ಎದ್ದು ಕಿಟಕಿಯ ಬಳಿ ಹೋಗುತ್ತೇನೆ, ಸೊಸೆ ನಗುತ್ತಾಳೆ. ನನ್ನ ಕಾಲಿಗೆ ಕೂರುವ ಅಭ್ಯಾಸವನ್ನು ಯಾರೂ ಕಲಿಸಲಿಲ್ಲ.

ಅಪ್ಪ ಅರಣ್ಯ ಇಲಾಖೆಯ ಗಾರ್ಡು. ಭದ್ರಾವತಿಯಿಂದ ಶಂಕರಘಟ್ಟದ ಕಡೆಗೆ ಹೋಗುವಾಗ ಕಾಡಿಗೆ ಬೆನ್ನು ಕೊಟ್ಟು ನಿಂತಿದ್ದ ಒಂದು ಹೆಂಚಿನ ಕ್ವಾರ್ಟರ್ಸು ನಮ್ಮದು. ಮುಂದೊಂದು ಜಗುಲಿ, ನಡುವೊಂದು ಕೋಣೆ, ಹಿಂದೆ ಹೊಗೆ ಹಿಡಿದ ಅಡುಗೆಮನೆ. ಅಡುಗೆಮನೆಯ ಬಾಗಿಲು ತೆಗೆದರೆ ಬಾವಿ, ಬೂದಿಗುಂಡಿ, ಆಮೇಲೆ ಬಿದಿರು ಮೆಳೆ. ಮೆಳೆಯ ಆಚೆ ಅಪ್ಪನ 'ಲೈನು'. ಮಾಘದಲ್ಲಿ ಆಳುಗಳನ್ನಿಟ್ಟು ಹುಲ್ಲು ಸವರಿಸಿ, ಅದನ್ನೇ ಹದವಾಗಿ ಸುಡಿಸಿ, ಎರಡು ಎತ್ತಿನಗಾಡಿ ಜೊತೆಯಲ್ಲಿ ಹೋಗುವಷ್ಟು ಅಗಲದ ಬೋಳು ಪಟ್ಟಿಯನ್ನು ಅವನು ಕಾಡಿನುದ್ದಕ್ಕೂ ಮಾಡಿಸುತ್ತಿದ್ದ. ಓಡಿಬಂದ ಬೆಂಕಿ ಅಲ್ಲಿ ತಿನ್ನಲು ಏನೂ ಸಿಗದೆ ಸಾಯಬೇಕು, ಅದು ಲೆಕ್ಕ. ಲೈನಿನ ಆಚೆ ಇಲಾಖೆ ಹೊಸದಾಗಿ ನೆಟ್ಟ ತೇಗದ ಸಸಿಗಳು, ನನ್ನಷ್ಟೇ ಎತ್ತರದವು. ಅಪ್ಪ ನನಗಿಂತ ಅವನ್ನೇ ಹೆಚ್ಚು ಸಲ ಮುಟ್ಟಿ ನೋಡುತ್ತಿದ್ದ ಎಂದು ಅಮ್ಮ ಚುಚ್ಚುತ್ತಿದ್ದಳು. ಹೊಸ ಹುಲ್ಲು ಚಿಗುರಲಿ ಎಂದು ದನ ಕಾಯುವವರು ಕಡ್ಡಿ ಗೀರುವ ಕಾಲ ಅದು. ಅಪ್ಪ ಹಳ್ಳಿಹಳ್ಳಿಗೆ ಹೋಗಿ ಡಂಗುರ ಹೊಡೆಸಿ, ಕಾಡಂಚಿನಲ್ಲಿ ಬೀಡಿ ಹಚ್ಚಬೇಡಿ, ಬೂದಿ ಚೆಲ್ಲಬೇಡಿ ಎಂದು ಗಂಟಲು ಹರಿದುಕೊಳ್ಳುತ್ತಿದ್ದ. ಅವರು ಎದುರಿಗೆ ತಲೆಯಾಡಿಸಿ, ಹಿಂದಿನಿಂದ ಅವನ ದನಿಯನ್ನೇ ಅಣಕಿಸುತ್ತಿದ್ದರು.

ಅಮ್ಮ ಶಿವಮೊಗ್ಗದ ದುರ್ಗಿಗುಡಿಯವಳು. ಅವಳ ತೌರಿನ ಬಾಗಿಲಲ್ಲಿ ನಿಂತರೆ ಎಡಕ್ಕೆ ಕಿರಾಣಿ ಅಂಗಡಿ, ಬಲಕ್ಕೆ ಶಾಲೆ. ಸಂಜೆಯಾದರೆ ಬೀದಿಗೆ ದೀಪ ಹತ್ತುತ್ತಿತ್ತು. ಇಲ್ಲಿ ಅವಳಿಗೆ ಬಾಗಿಲಲ್ಲಿ ನಿಂತರೆ ಕಾಣುತ್ತಿದ್ದದ್ದು ಒಣಗಿದ ಗುಡ್ಡ. ಅಂಗಳದಲ್ಲಿ ಬಿಳೀ ಬಟ್ಟೆ ಹಾಸಿ ಅಕ್ಕಿ ಸಂಡಿಗೆ ಇಟ್ಟರೆ, ಎಲ್ಲಿಂದಲೋ ಹಾರಿಬಂದ ಸುಟ್ಟ ಹುಲ್ಲಿನ ಕರಿ ಎಳೆಗಳು ಅದರ ಮೇಲೆ ಬಂದು ಕೂರುತ್ತಿದ್ದವು. ಅವಳು ಒಂದೊಂದನ್ನೇ ಹೆಕ್ಕಿ ಬಿಸಾಡುತ್ತಾ, "ಭದ್ರಾವತಿಗೆ ಹೋಗಿ ಕಾರ್ಖಾನೆ ಕೆಲಸಕ್ಕಾದರೂ ಸೇರಬಾರದಾ ಈ ಮನುಷ್ಯ" ಎಂದು ಬೈದುಕೊಳ್ಳುತ್ತಿದ್ದಳು. ಅವಳ ಜೀವಕ್ಕೆ ಅಲ್ಲಿದ್ದ ಒಂದೇ ಸುಖ ಕಾಫಿ. ಇದ್ದಿಲ ಗೂಡುಗಳಿಂದ ಭದ್ರಾವತಿಯ ಕಾರ್ಖಾನೆಗೆ ಲಾರಿ ಹೊಡೆಯುತ್ತಿದ್ದ ಕರೀಂ ಸಾಬರು ಶಿವಮೊಗ್ಗಕ್ಕೆ ಹೋದಾಗಲೆಲ್ಲ ದುರ್ಗಿಗುಡಿಯಿಂದ ಅವಳಿಗೆ ಕಾಫಿಪುಡಿ, ತೌರಿನ ಸುದ್ದಿ ಎರಡನ್ನೂ ತಂದುಕೊಡುತ್ತಿದ್ದರು. ಹಾರ್ನ್ ಕೇಳಿದರೆ ಅಮ್ಮನ ಮುಖ ಅರಳುತ್ತಿತ್ತು. ಮೈಯೆಲ್ಲ ಇದ್ದಿಲ ಪುಡಿ ಮೆತ್ತಿಕೊಂಡು, ಹಲ್ಲು ಕಣ್ಣು ಮಾತ್ರ ಬೆಳ್ಳಗಿರುತ್ತಿದ್ದ ಆ ಮನುಷ್ಯ ಜಗುಲಿಯ ಮೇಲೆ ಕೂರಲು ಒಪ್ಪುತ್ತಿರಲಿಲ್ಲ. "ಕರಿ ಆಗುತ್ತೆ ಅಕ್ಕಾ" ಎಂದು ಮೆಟ್ಟಿಲ ಮೇಲೆ ನಿಂತೇ ಕಾಫಿ ಕುಡಿಯುತ್ತಿದ್ದರು.

ಆ ಕಾಫಿಗೆ ಕುತ್ತು ತರುತ್ತಿದ್ದದ್ದು ಅಜ್ಜಿಯ ಶಾಸ್ತ್ರ. ಅಪ್ಪ ಕಾಡಿನ ಬೆಂಕಿ ಆರಿಸಲು ಹೋದರೆ, ಅವನು ತಿರುಗಿ ಹೊಸ್ತಿಲು ತುಳಿಯುವವರೆಗೆ ನಮ್ಮ ಮನೆಯಲ್ಲಿ ಒಲೆ ಉರಿಯಕೂಡದು. ಒಲೆ ಆರಿಸಿದರೆ ಸಾಲದು, ಒಲೆಯೊಳಗೆ ಒಂದು ಕೆಂಡವೂ ಉಳಿಯಕೂಡದು. ಮಣ್ಣಿನ ಒಲೆಗೆ ನೀರು ಹೊಯ್ದರೆ ಬಿರುಕು ಬಿಡುತ್ತದೆ ಎಂದು ಅಜ್ಜಿ ಕೆಂಡವನ್ನೆಲ್ಲ ಹಳೆಯ ಕಬ್ಬಿಣದ ಬಾಣಲೆಗೆ ಬಳಿದು, ಹಿತ್ತಲ ಬೂದಿಗುಂಡಿಗೆ ಸುರಿದು, ಮೇಲೊಂದು ಕೊಡ ನೀರು ಹೊಯ್ಯುತ್ತಿದ್ದಳು. ಚೊಂಯ್ ಎಂದು ಸದ್ದು ಬಂದು, ಬಿಳಿ ಹೊಗೆ ಎದ್ದು, ಅದು ಪೂರ್ತಿ ಅಡಗಿದ ಮೇಲೇ ಒಳಗೆ ಬರುತ್ತಿದ್ದಳು. ಆಮೇಲೆ ಅಪ್ಪ ಬರುವವರೆಗೆ ನಮಗೆ ಮೊಸರವಲಕ್ಕಿ, ಮಿಡಿ ಉಪ್ಪಿನಕಾಯಿ, ಹುರಿಗಡಲೆ, ಬೆಲ್ಲ. ಬೆಂಕಿ ಎರಡು ದಿನ ಉರಿದರೆ ಎರಡು ದಿನವೂ ಅದೇ. ನನಗೆ ಅದು ಹಬ್ಬ. ಅಮ್ಮನಿಗೆ ಮಧ್ಯಾಹ್ನವಾಗುತ್ತಿದ್ದಂತೆ ತಲೆನೋವು ಶುರುವಾಗುತ್ತಿತ್ತು. ಹಣೆಗೆ ಬಟ್ಟೆ ಬಿಗಿದುಕೊಂಡು ಅವಳು ಒಲೆಯ ಮುಂದೆ ಕೂತು ಜಗಳಕ್ಕಿಳಿಯುತ್ತಿದ್ದಳು.

"ನಿಮ್ಮ ಮಗ ಬೆಂಕಿ ಆರಿಸ್ತಾ ಇರೋದು ಗುಡ್ಡದ ಮೇಲೆ. ಇಲ್ಲಿ ನಾನೊಂದು ಲೋಟ ಕಾಫಿ ಕಾಸಿದ್ರೆ ಗುಡ್ಡಕ್ಕೆ ಹೆಂಗೆ ಗೊತ್ತಾಗುತ್ತೆ ಅತ್ತೆ?"

"ಬೆಂಕಿಗೆ ಗೊತ್ತಾಗುತ್ತೆ ಕಣೇ. ಇಲ್ಲಿ ಸೌದೆ ಹಾಕಿ ಉಣ್ಣಿಸೋದು, ಅಲ್ಲಿ ಸೊಪ್ಪಲ್ಲಿ ಬಡಿಯೋದು. ನಿನಗೆ ಹಂಗೆ ಮಾಡಿದ್ರೆ ನೀನು ಸುಮ್ನಿರ್ತೀಯಾ?"

"ಅಯ್ಯೋ ಮಾರಾಯ್ತಿ, ಅದೇನು ಮನುಷ್ಯರಾ!" ಎಂದು ಅಮ್ಮ ನನ್ನ ಕಡೆ ತಿರುಗಿ ಹೇಳುತ್ತಿದ್ದಳು. ಅತ್ತೆಗೆ ನೇರವಾಗಿ ಹೇಳಲಾಗದ್ದನ್ನೆಲ್ಲ ಅವಳು ನನಗೆ ಹೇಳುವುದು ರೂಢಿ.

ಅಜ್ಜಿಯ ಹಠದ ಬುಡ ನನಗೆ ತಿಳಿದದ್ದು ಪಕ್ಕದ ಮನೆಯ ವಾಚರನ ಹೆಂಡತಿ ಗಂಗಮ್ಮನಿಂದ. ನನ್ನ ಅಜ್ಜನೂ ಇದೇ ಕಾಡಿನಲ್ಲಿ ವಾಚರ್ ಆಗಿದ್ದನಂತೆ. ಒಂದು ಬೇಸಿಗೆ ಬೆಂಕಿಗೆ ಹೋದವನನ್ನು ಗಾಳಿ ತಿರುಗಿ ಉರಿ ಸುತ್ತುಹಾಕಿತು. ಸುದ್ದಿ ತಂದವರು ಬಾಗಿಲಿಗೆ ಬಂದಾಗ ಅಜ್ಜಿ, ಬಂದ ಕೂಡಲೇ ಬಿಸಿಬಿಸಿ ಕೊಡೋಣ ಎಂದು ಅವನಿಗಾಗಿ ರೊಟ್ಟಿ ತಟ್ಟುತ್ತಿದ್ದಳಂತೆ. ಹಂಚಿನ ಮೇಲೆ ರೊಟ್ಟಿ ಹಾಗೇ ಇತ್ತಂತೆ. ಇದು ಅಮ್ಮನಿಗೂ ಗೊತ್ತಿತ್ತು. ಗೊತ್ತಿದ್ದೇ ಜಗಳ ಆಡುತ್ತಿದ್ದಳು, ಗೊತ್ತಿದ್ದರಿಂದಲೇ ಕೊನೆಗೆ ಬಿಟ್ಟುಕೊಡುತ್ತಿದ್ದಳು.

ಆ ವರ್ಷದ ಬೇಸಿಗೆ ಕೆಟ್ಟದ್ದಾಗಿತ್ತು. ಶಿವರಾತ್ರಿಗೆ ಮುಂಚೆಯೇ ಬಾವಿಯ ತಳ ಕಂಡಿತು. ಹಗ್ಗ ಪೂರ್ತಿ ಬಿಟ್ಟರೂ ಕೊಡಪಾನಕ್ಕೆ ಅರ್ಧ ಕೆಸರು ಬರುತ್ತಿತ್ತು. ಒಣ ಗಾಳಿ ಬೆಳಿಗ್ಗೆ ಎದ್ದರೆ ಸಂಜೆವರೆಗೆ ಬಿದಿರು ಮೆಳೆಯನ್ನು ಕರಕರ ಎನ್ನಿಸುತ್ತಿತ್ತು. ಆ ಸದ್ದು ಕೇಳಿ ಕೇಳಿ ಮನೆಯವರೆಲ್ಲ ಒಬ್ಬರ ಮೇಲೊಬ್ಬರು ಹರಿಹಾಯುತ್ತಿದ್ದೆವು. ನಾನು ಲೋಟ ಬೀಳಿಸಿದ್ದಕ್ಕೆ ಅಮ್ಮ ಹೊಡೆದಳು, ಹೊಡೆದದ್ದಕ್ಕೆ ಅಜ್ಜಿ ಬೈದಳು, ಬೈದದ್ದಕ್ಕೆ ಅಪ್ಪ ಊಟ ಬಿಟ್ಟೆದ್ದ. ಅಂಥ ಒಂದು ದಿನ ಬೆಳಗಿನ ತಿಂಡಿಯ ಹೊತ್ತಿಗೆ ಹಳಿ ಬಡಿಯಿತು. ಬೆಂಕಿ ನಮ್ಮ ಕಡೆಯಲ್ಲ, ಗುಡ್ಡದ ಆಚೆ ಮಗ್ಗುಲಲ್ಲಿ. ಅಪ್ಪ ಖಾಕಿ ತೊಟ್ಟು, ಕತ್ತಿ ಸಿಕ್ಕಿಸಿಕೊಂಡು, ಕ್ಯಾನ್ವಾಸ್ ಚೀಲದಲ್ಲಿ ನೀರು ತುಂಬಿಸಿಕೊಂಡು ಹೊರಟ. ಅವನ ಹಿಂದೆ ಊರ ಗಂಡಸರೆಲ್ಲ ಹೊರಟರು. ಅವನ ಬೆನ್ನು ತಿರುವಿನಲ್ಲಿ ಮರೆಯಾಗುತ್ತಲೇ ಅಜ್ಜಿ ಬಾಣಲೆ ಹಿಡಿದು ಒಲೆಯ ಮುಂದೆ ಕೂತಳು. ಕಾಫಿಗೆ ಇಟ್ಟ ನೀರು ಇನ್ನೂ ಕುದಿ ಬಂದಿರಲಿಲ್ಲ.

"ಒಂದು ಕೊಡ ನೀರು ತಾ" ಎಂದಳು ಅಜ್ಜಿ.

"ಇರೋದೇ ಒಂದು ಕೊಡ. ಕುಡಿಯೋಕೆ ಇಟ್ಟಿದೀನಿ. ಅವರು ಬಂದ್ರೆ ಮುಖಕ್ಕಾದ್ರೂ ಬೇಡ್ವಾ? ಬೂದಿಗೆ ಹೊಯ್ಯೋಕೆ ಕೊಡಲ್ಲ."

"ಕೊಡಲ್ವಾ?"

"ಕೊಡಲ್ಲ."

ಅಮ್ಮ ಆ ಕೊಡವನ್ನು ಎತ್ತಿ ನಡುಕೋಣೆಗೆ ಒಯ್ದು, ಮೇಲೊಂದು ತಟ್ಟೆ ಮುಚ್ಚಿ, ಅದರ ಪಕ್ಕದಲ್ಲೇ ಕೂತುಬಿಟ್ಟಳು. ಅಜ್ಜಿ ಒಲೆಗೆ ಬಾಗಿದಳು. ಕೆಂಡ ಬಳಿದುಕೊಂಡು ಹೋಗಿ ಗುಂಡಿಗೆ ಸುರಿದಳು, ಕೈಯಿಂದ ಮಣ್ಣು ಬಾಚಿ ಬಾಚಿ ಮೇಲೆ ಹಾಕಿದಳು, ಕಾಲಿನಿಂದ ತುಳಿದಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಒಳಗೆ ಬಂದವಳು ಗೋಡೆಗೆ ಮುಖ ಮಾಡಿ ಮಲಗಿದಳು. ಇಬ್ಬರೂ ಗೆದ್ದೆವೆಂದುಕೊಂಡು ಇಬ್ಬರೂ ಸಿಟ್ಟಿನಲ್ಲಿದ್ದರು.

ಹೊತ್ತು ನೆತ್ತಿಗೇರಿದಾಗ ಗಾಳಿ ಜೋರಾಯಿತು. ಮೊದಲು ನನಗೆ ಕೇಳಿದ್ದು ಚಟ್ ಎಂಬ ಸದ್ದು. ಬಿದಿರಿನ ಗಂಟು ಸಿಡಿಯುವ ಸದ್ದು ಕಾಡಂಚಿನ ಮಕ್ಕಳಿಗೆ ಚೆನ್ನಾಗಿ ಗೊತ್ತು. ಹಿತ್ತಲ ಬಾಗಿಲು ತೆಗೆದರೆ ಗುಂಡಿಯ ಮೇಲಿನ ಮಣ್ಣು ಗಾಳಿಗೆ ಹಾರಿಹೋಗಿ, ಅಲ್ಲಿಂದ ಒಂದು ಕರಿ ಹಾದಿ ನೆಟ್ಟಗೆ ಮೆಳೆಯವರೆಗೆ ಹೋಗಿತ್ತು. ಆ ಹಾದಿಯ ತುದಿಯಲ್ಲಿ ತರಗೆಲೆ ಉರಿಯುತ್ತಿತ್ತು. ನಾನು ಕೂಗಿದೆ. ಅಜ್ಜಿ ಓಡಿಬಂದಳು. ಅವಳು ನೋಡಿದ್ದು ಬೆಂಕಿಯನ್ನಲ್ಲ, ಗುಂಡಿಯನ್ನು. ಆ ಮುಖ ನನ್ನ ಕಣ್ಣಿನಿಂದ ಹೋಗಿಲ್ಲ. ಅಷ್ಟರಲ್ಲಿ ಅಮ್ಮ ತಾನು ಕಾಯುತ್ತಿದ್ದ ಕೊಡವನ್ನು ಸೊಂಟಕ್ಕೇರಿಸಿಕೊಂಡು ಬಂದವಳು, ಗೋಣಿಚೀಲಗಳ ಮೇಲೆ ಅದನ್ನು ಪೂರ್ತಿ ಸುರಿದಳು.

"ಬಡೀರಿ ಅತ್ತೆ!"

ಒಬ್ಬ ಗಂಡಸೂ ಊರಲ್ಲಿರಲಿಲ್ಲ. ಅಜ್ಜಿ, ಅಮ್ಮ, ಗಂಗಮ್ಮ, ನಾನು ಒದ್ದೆ ಗೋಣಿಯಲ್ಲಿ, ಹಸಿ ಸೊಪ್ಪಿನಲ್ಲಿ ಬಡಿದೆವು. ಒಂದು ಕಡೆ ಬಡಿದರೆ ಇನ್ನೊಂದು ಕಡೆ ಏಳುತ್ತಿತ್ತು. ಲೈನು ಬಂದರೆ ನಿಲ್ಲುತ್ತದೆ ಎಂದು ನಾನು ಕಾಯುತ್ತಿದ್ದೆ. ಆದರೆ ಮಾಘದಲ್ಲಿ ಗುಡಿಸಿದ ಲೈನಿನ ಮೇಲೆ ಆಗಲೇ ಮತ್ತೆ ತರಗೆಲೆ ಉದುರಿ ಹಾಸಿಗೆಯಾಗಿತ್ತು. ಬೆಂಕಿ ಅದರ ಮೇಲೆ ಆರಾಮವಾಗಿ ನಡೆದುಕೊಂಡೇ ಹೋಗಿ ಅಪ್ಪನ ತೇಗದ ಸಸಿಗಳಿಗೆ ಬಾಯಿ ಹಾಕಿತು. ಆಗ ಗೂಡುಗಳ ಕಡೆಯಿಂದ ಕರೀಂ ಸಾಬರ ಲಾರಿ ಬಂತು. ಬೀಡಿ ಕಚ್ಚಿಕೊಂಡೇ ಬರುತ್ತಿದ್ದ ಅವರು ಹೊಗೆ ನೋಡಿ ಲಾರಿಯನ್ನು ಮೆಳೆಯ ಪಕ್ಕಕ್ಕೇ ತಂದು ನಿಲ್ಲಿಸಿದರು. ಕೆಳಗಿಳಿದು ಬೀಡಿಯನ್ನು ಕಾಲಡಿ ಹೊಸಕಿ, ರೇಡಿಯೇಟರಿಗೆಂದು ಇಟ್ಟಿದ್ದ ನೀರಿನ ಡಬ್ಬ, ಇದ್ದಿಲು ಎಳೆಯುವ ಸಲಿಕೆ ಎರಡನ್ನೂ ಹಿಡಿದು ಓಡಿದರು. ಸಲಿಕೆಯಿಂದ ಮಣ್ಣು ಎರಚುತ್ತಾ ಬೆಂಕಿಯ ಮುಂದೆ ಮುಂದೆ ಹೋಗಿ ಅದನ್ನು ಅಡ್ಡಗಟ್ಟಿದವರು ಅವರು. ಉರಿಯುತ್ತಿದ್ದ ಒಂದು ಬಿದಿರನ್ನು ಬರಿಗೈಯಲ್ಲೇ ಎಳೆದು ಹಾಕಿದರು. ಎಲ್ಲ ಆರಿದ ಮೇಲೆ ಅಂಗೈ ನೋಡಿಕೊಂಡು "ಯಾ ಅಲ್ಲಾ" ಎಂದು ಕೂತರು. ತಲೆಯೆತ್ತಿದಾಗ ಅವರ ಕಣ್ಣು ಕರಿ ಹಾದಿಯ ಬೆನ್ನು ಹಿಡಿದು ನಮ್ಮ ಬೂದಿಗುಂಡಿಯವರೆಗೂ ಬಂತು. ಅಜ್ಜಿಯನ್ನು ನೋಡಿದರು. ಏನೂ ಕೇಳದೆ ಎದ್ದು ಲಾರಿ ಹತ್ತಿದರು.

ಸಂಜೆ ಅಪ್ಪ ಬಂದ. ಹುಬ್ಬು ಸುಟ್ಟಿತ್ತು, ಕೆಮ್ಮಿದರೆ ಕರಿ ಬರುತ್ತಿತ್ತು. ಸುಟ್ಟ ಸಸಿಗಳ ನಡುವೆ ಹೋಗಿ ನಿಂತ. ಆಮೇಲೆ ಒಳಗೆ ಬಂದು, "ಹೆಂಗೆ ಹತ್ತಿಕೊಳ್ತು?" ಎಂದ. ಅಜ್ಜಿ ಅವಲಕ್ಕಿಗೆ ಮೊಸರು ಹಾಕುತ್ತಿದ್ದಳು. ಅಮ್ಮ ಅಜ್ಜಿಯ ಮುಖ ನೋಡಿದಳು. "ಗುಡ್ಡದಿಂದ ಕಿಡಿ ಹಾರಿರಬೇಕು" ಎಂದು ಅವನೇ ಹೇಳಿಕೊಂಡು, ಅರ್ಧ ಉಂಡು, ಜಗುಲಿಯ ಮೇಲೆ ಬಿದ್ದುಕೊಂಡ. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆ, ಅಷ್ಟು ಬಾಯಿಬಡುಕಿ ನಾನು. ಅದಕ್ಕೇ ಇರಬೇಕು, ಅಮ್ಮ ನನ್ನನ್ನು ಅಪ್ಪನ ಹತ್ತಿರ ಸುಳಿಯಲು ಬಿಡಲಿಲ್ಲ.

ಮರುದಿನ ರೇಂಜರ್ ಸಾಹೇಬರು ಜೀಪಿನಲ್ಲಿ ಬಂದರು. ಅವರು ಕೆಟ್ಟವರೇನಲ್ಲ, ಆದರೆ ಆ ವಾರವೆಲ್ಲ ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿತ್ತು. ಸಸಿಗಳನ್ನು ನೋಡಿದರು, ಗಾಳಿಗೆ ಒಂದು ಹಿಡಿ ಬೂದಿ ಹಾರಿಸಿ ಅಪ್ಪನ ಕಡೆ ತಿರುಗಿದರು.

"ರಂಗಪ್ಪ, ಇದು ಗುಡ್ಡದ ಬೆಂಕಿ ಅಲ್ಲ. ನಿನ್ನೆ ಗಾಳಿ ಆ ಕಡೆಯಿಂದ ಬೀಸೇ ಇಲ್ಲ."

ಮೆಳೆಯ ಪಕ್ಕದಲ್ಲಿ ಲಾರಿಯ ಚಕ್ರದ ಗುರುತಿತ್ತು. ಅಲ್ಲೇ ಹೊಸಕಿದ ಬೀಡಿಯ ತುಂಡಿತ್ತು. ಸಾಹೇಬರು ಅದನ್ನು ಬೂಟಿನ ತುದಿಯಿಂದ ತೋರಿಸಿದರು. ಅಪ್ಪ, "ಅವರು ಅಂಥೋರಲ್ಲ ಸಾರ್" ಎಂದ. ಅವನ ದನಿಗೆ ಬಲವಿರಲಿಲ್ಲ. ಬೀಡಿಯ ಬಗ್ಗೆ ಊರೂರಲ್ಲಿ ಗಂಟಲು ಹರಿದುಕೊಂಡವನು ಅವನೇ ತಾನೆ.

"ಅವನಲ್ದಿದ್ರೆ ಇನ್ಯಾರು, ನೀನಾ? ಕೇಸು ಹಾಕ್ತೀನಿ. ಲಾರಿ ಹಿಡಿದು ಆಫೀಸ್ ಮುಂದೆ ನಿಲ್ಲಿಸು."

ಗೂಡುಗಳಿಂದ ಕರೀಂ ಸಾಬರನ್ನು ಕರೆತಂದರು. ಎರಡೂ ಅಂಗೈಗೆ ಬಟ್ಟೆ ಸುತ್ತಿತ್ತು. ಲಾರಿ ಅವರದಲ್ಲ, ಶಿವಮೊಗ್ಗದ ಯಜಮಾನರದು. ಕಾಡಿನ ಕೇಸಿನಲ್ಲಿ ಲಾರಿ ಸಿಕ್ಕಿಬಿದ್ದರೆ ಅವರಿಗೆ ಇನ್ನು ಯಾರೂ ಸ್ಟೀರಿಂಗ್ ಕೊಡುವುದಿಲ್ಲ ಎನ್ನುವುದು ಅಲ್ಲಿ ನಿಂತ ಎಲ್ಲರಿಗೂ ಗೊತ್ತಿತ್ತು. ಅವರು ನಮ್ಮ ಜಗುಲಿಯ ಕಡೆ ತಿರುಗಿಯೂ ನೋಡಲಿಲ್ಲ.

"ನಾನು ಬರೋವಾಗ್ಲೇ ಹೊಗೆ ಇತ್ತು ಸ್ವಾಮಿ. ಅಷ್ಟೇ ನನಗೆ ಗೊತ್ತಿರೋದು."

"ಎಲ್ಲಿಂದ ಬಂತು ಹೊಗೆ?"

"ಅದು ನಾನು ನೋಡಿಲ್ಲ."

ಅವರು ನೋಡಿದ್ದರು. ಆಗ ಬಾಗಿಲ ಮರೆಯಲ್ಲಿದ್ದ ಅಮ್ಮ ಸೆರಗು ಹೊದ್ದು ಅಂಗಳಕ್ಕೆ ಇಳಿದಳು. ಸಾಹೇಬರ ಮುಂದೆ ಅವಳು ಅದುವರೆಗೆ ನಿಂತವಳೇ ಅಲ್ಲ.

"ಬೆಂಕಿ ನಮ್ಮ ಒಲೆದು. ನಾನು ಕೆಂಡ ಹೊರಗೆ ಹಾಕ್ದೆ. ನೀರು ಹೊಯ್ಲಿಲ್ಲ. ಅವರು ಬಂದಿದ್ದು ಆರಿಸೋಕೆ, ಕೈ ನೋಡಿ ಬೇಕಾದ್ರೆ."

ಸಾಹೇಬರು ಬಾಯಿ ತೆರೆಯುವ ಮೊದಲೇ ಜಗುಲಿಯಿಂದ ಅಜ್ಜಿಯ ದನಿ ಬಂತು.

"ಅವಳ ಮಾತು ಕೇಳಬೇಡಿ. ಒಲೆ ಬರಿದು ಮಾಡೋ ಬುದ್ಧಿ ಅವಳಿಗೆಲ್ಲಿದೆ? ಬೆಳಗಾದ್ರೆ ಕಾಫಿ ಕಾಫಿ ಅಂತ ಒಲೆ ಮುಂದೆ ಕೂರೋಳು. ಕೆಂಡ ಹಾಕಿದ್ದು ನಾನು."

"ನೀರು ಕೊಡದೇ ಇದ್ದಿದ್ದು ನಾನು ಅತ್ತೆ."

"ನೀನು ಕೊಡದಿದ್ರೆ ನಾನು ಎತ್ಕೋಬಾರದಿತ್ತಾ? ನನಗೇನು ಕೈ ಇರಲಿಲ್ವಾ?"

"ನಾನು ಪಕ್ಕದಲ್ಲೇ ಕೂತಿದ್ದೆನಲ್ಲ, ಹೆಂಗೆ ಎತ್ಕೋತಿದ್ರಿ?"

ದಿನಾ ಅಡುಗೆಮನೆಯಲ್ಲಿ ಆಡುತ್ತಿದ್ದ ಜಗಳವನ್ನೇ ಅತ್ತೆ ಸೊಸೆ ಸರ್ಕಾರದ ಜೀಪಿನ ಮುಂದೆ ಆಡಿದರು. ತಪ್ಪು ತನ್ನದು ಎಂದು ಅಜ್ಜಿ, ತನ್ನದು ಎಂದು ಅಮ್ಮ. ಇಬ್ಬರೂ ಬಿಟ್ಟುಕೊಡಲಿಲ್ಲ. ಸಾಹೇಬರು ಟೊಪ್ಪಿ ತೆಗೆದು ಬೆವರು ಒರೆಸಿಕೊಂಡರು. ಕರೀಂ ಸಾಬರಿಗೆ ಹೋಗು ಎಂದು ಕೈ ಮಾಡಿದರು. ಅಪ್ಪನಿಗೆ, "ಊರಿಗೆಲ್ಲ ಬುದ್ಧಿ ಹೇಳೋ ಗಾರ್ಡು ನೀನು" ಎಂದಷ್ಟೇ ಹೇಳಿ ಜೀಪು ಹತ್ತಿದರು. ಬೈದಿದ್ದರೆ ಅಪ್ಪನಿಗೆ ಅಷ್ಟು ನೋಯುತ್ತಿರಲಿಲ್ಲ. ಅವತ್ತು ಸಂಜೆ ಅವನು ಅಜ್ಜಿಯ ಎದುರು ಕುಕ್ಕರಗಾಲಲ್ಲಿ ಕೂತು, "ನನಗೋಸ್ಕರ ಮಾಡಿದೆ ಅಂತ ಗೊತ್ತು ಕಣವ್ವ" ಎಂದ. ಅಜ್ಜಿ ಅಳತೊಡಗಿದಳು. ಅಜ್ಜಿ ಅಳುವುದನ್ನು ನಾನು ಅದೇ ಮೊದಲು ನೋಡಿದ್ದು. ನನಗೆ ಎಷ್ಟು ಹೆದರಿಕೆಯಾಯಿತೆಂದರೆ ಬಾವಿಕಟ್ಟೆಯ ಹಿಂದೆ ಹೋಗಿ ಕೂತೆ.

ಅಪ್ಪನನ್ನು ಕಾಡಿನಿಂದ ತೆಗೆದು ಭದ್ರಾವತಿಯ ಮರದ ಡಿಪೋಗೆ ಹಾಕಿದರು. ಹಳೇ ಊರಿನಲ್ಲಿ ಬಾಡಿಗೆ ಮನೆ, ಹಿತ್ತಲಿಗೆ ಕಲ್ಲುಚಪ್ಪಡಿ, ಬೀದಿಯಲ್ಲಿ ನಲ್ಲಿ, ತಲೆಯ ಮೇಲೆ ಬಲ್ಬು. ಅಮ್ಮ ವರ್ಷಾನುಗಟ್ಟಲೆ ಕೇಳಿದ್ದೆಲ್ಲ ಬಂದಿತ್ತು, ಆದರೆ ಅವಳು ಅದನ್ನು ಬಾಯಿಬಿಟ್ಟು ಹೊಗಳಿದ್ದನ್ನು ನಾನು ಕೇಳಲಿಲ್ಲ. ಅಪ್ಪ ಬಿದ್ದ ಮರಗಳಿಗೆ ನಂಬರು ಹೊಡೆಯುತ್ತಾ ಮಂಕಾದ. ಕಾರ್ಖಾನೆಯ ಸೈರನ್ ಕೂಗಿದಾಗಲೆಲ್ಲ ಅಜ್ಜಿ ಬೆಚ್ಚಿ ಏಳುತ್ತಿದ್ದಳು. ಎದ್ದವಳು ಎರಡು ಹೆಜ್ಜೆ ಇಟ್ಟು, ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, ಹಿಂದಿರುಗಿ ಬಂದು ಕೂರುತ್ತಿದ್ದಳು. ಆ ಬೇಸಿಗೆಯ ನಂತರ ಅವಳು ಒಲೆಯನ್ನು ಮುಟ್ಟಲಿಲ್ಲ. ಸೌದೆ ಹೊಗೆಯಾಡಿದರೂ ಒಂದು ಕಡ್ಡಿ ಸರಿಪಡಿಸುತ್ತಿರಲಿಲ್ಲ. ಅಮ್ಮ ಬೇಕೆಂದೇ ಜಗಳ ತೆಗೆದರೂ ಅವಳಿಂದ ಉತ್ತರ ಬರುತ್ತಿರಲಿಲ್ಲ.

ಮುಂದಿನ ವರ್ಷದ ಬಿಸಿಲಿನಲ್ಲಿ ಒಂದು ಬೆಳಿಗ್ಗೆ ನಮ್ಮ ಬೀದಿಗೆ ಕರೀಂ ಸಾಬರ ಲಾರಿ ಬಂತು. ಹಿಂದುಗಡೆ ಡಿಪೋದ ಆಳುಗಳು ತುಂಬಿದ್ದರು. ಶಂಕರಘಟ್ಟದ ಕಡೆಯ ಗುಡ್ಡಕ್ಕೆ ದೊಡ್ಡ ಬೆಂಕಿ ಬಿದ್ದಿದೆ, ಇಲಾಖೆ ಕೈಗೆ ಸಿಕ್ಕ ಗಂಡಸರನ್ನೆಲ್ಲ ಒಯ್ಯುತ್ತಿದೆ ಎಂದರು. ಅಪ್ಪ ಮಾಡಿನ ಸಂದಿಯಿಂದ ಕತ್ತಿ ಎಳೆದುಕೊಂಡ. ವರ್ಷದಿಂದ ಬಾಗಿದ್ದ ಅವನ ಬೆನ್ನು ಲಾರಿ ಹತ್ತುವಾಗ ನೆಟ್ಟಗಾಗಿತ್ತು. ಅವನು ನಮ್ಮ ಕಡೆ ಕೈ ಬೀಸಿ ಹೊರಟುಹೋದ.

ಅಜ್ಜಿ ಗೋಡೆಗೊರಗಿ ಕೂತಿದ್ದಳು. ಕೈ ಎರಡೂ ಮಡಿಲಲ್ಲಿದ್ದವು, ಒಂದನ್ನೊಂದು ಹಿಡಿದುಕೊಂಡಿದ್ದವು. ಒಲೆ ಧಗಧಗ ಉರಿಯುತ್ತಿತ್ತು, ಮೇಲೆ ಕಾಫಿಯ ನೀರಿತ್ತು. ಅದರ ಕಡೆ ನೋಡದೆ, "ಉರೀಲಿ ಬಿಡು. ನನ್ನ ಶಾಸ್ತ್ರ ಮನೆ ಹಾಳು ಮಾಡ್ತು" ಎಂದಳು. ಅಮ್ಮ ಎದ್ದಳು. ಕಾಫಿಯ ಪಾತ್ರೆಯನ್ನು ಕೆಳಗಿಳಿಸಿದಳು. ಉರಿಯುತ್ತಿದ್ದ ಕೊಳ್ಳಿಗಳನ್ನು ಹೊರಗೆಳೆದಳು. ಆ ಹಳೆಯ ಬಾಣಲೆಯನ್ನು ಹುಡುಕಿ ತಂದು ಕೆಂಡವನ್ನೆಲ್ಲ ಬಳಿದು ಚಪ್ಪಡಿಯ ಮೇಲೆ ಸುರಿದಳು. ನನ್ನಿಂದ ನಲ್ಲಿಯ ನೀರು ತರಿಸಿ ಒಂದು ಕೊಡ ಹೊಯ್ದಳು, ಚೊಂಯ್ ಎಂದಿತು, ಇನ್ನೊಂದು ಕೊಡ ಹೊಯ್ದಳು. ಆಮೇಲೆ ಆ ಒದ್ದೆ ಬೂದಿಯೊಳಗೆ ಕೈ ಹಾಕಿ, ತಳದವರೆಗೂ ಕಲಸಿ ನೋಡಿದಳು. ಮೂರು ಬಟ್ಟಲಿಗೆ ಅವಲಕ್ಕಿ ಹಾಕಿ ಮೊಸರು ಕಲಸಿ, ಒಂದನ್ನು ಅಜ್ಜಿಯ ಕೈಗೆ ಕೊಟ್ಟು, ಪಕ್ಕದಲ್ಲೇ ಕೂತಳು.

ಮಧ್ಯಾಹ್ನವಾಯಿತು. ಅಮ್ಮ ಹಣೆಗೆ ಬಟ್ಟೆ ಬಿಗಿದುಕೊಂಡಳು.

"ತಲೆನೋವು ಬಂತೇನೇ? ಒಂದು ಲೋಟ ಕಾಸ್ಕೋ ಹೋಗು" ಎಂದಳು ಅಜ್ಜಿ.

"ಅವರು ಬರ್ಲಿ ಅತ್ತೆ."

ಹಾಗೆಂದವಳು ಬಟ್ಟಲು ಕೆಳಗಿಟ್ಟು, ಬಾಗಿಲ ಕಡೆ ಮುಖ ತಿರುಗಿಸಿ, ಮೂಗೆಳೆದಳು.